ಒಂದು ಗುಟುಕು ನೀರಿನ ಆಣೆ

"ಅಲ್ಲೇ ನಿಲ್ಲು ಯರ್ರಪ್ಪ. ಒಳಕ್ಕೆ ಬರಬ್ಯಾಡ."

ಅತ್ತಿಗೆ ಜುಂಜಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದಳು. ಹುಟ್ಟಿ ಬೆಳೆದ ಮನೆಯ ಹೊಸ್ತಿಲ ಹೊರಗೆ ಯರ್ರಪ್ಪ ಪರದೇಶಿಯ ಹಾಗೆ ನಿಂತ. ತಲೆಯ ಮೇಲೆ ಒಂದು ಕೂದಲಿರಲಿಲ್ಲ. ಸೂಜಿ ಚುಚ್ಚಿದ ಕಡೆ ಮೊಣಕೈಗೆ ಹತ್ತಿಯ ಪಟ್ಟಿ ಇನ್ನೂ ಅಂಟಿತ್ತು. ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಅಮರಾಪುರ, ಆಮೇಲೆ ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ, ಮುಖ ಬಾಡಿಹೋಗಿತ್ತು. ಬೇರೆ ಮನೆಯಾಗಿದ್ದರೆ ಮೊದಲು ಒಂದು ಚೆಂಬು ನೀರು ಕೊಡುತ್ತಿದ್ದರು. ಇಲ್ಲಿ ಆ ಮಾತೇ ಇಲ್ಲ.

ಅಣ್ಣ ದೊಡ್ಡತಿಮ್ಮಪ್ಪ ನಡುಮನೆಯ ಗೋಡೆಗೆ ಒರಗಿ ಕೂತಿದ್ದ. ಸುಡುಬಿಸಿಲಿನಲ್ಲೂ ಕಿವಿ ಮುಚ್ಚುವಂತೆ ರುಮಾಲು ಸುತ್ತಿದ್ದ. ತಮ್ಮನನ್ನು ಕಂಡದ್ದೇ ಟವೆಲ್ಲಿನ ತುದಿಯೆತ್ತಿ ಮೂಗು ಬಾಯಿ ಮುಚ್ಚಿಕೊಂಡ. ಎದುರಿಗೆ ಹೇಸಿಗೆ ಬಿದ್ದಿದ್ದರೂ ಯಾರೂ ಅಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ.

"ಅಣ್ಣ, ಒಂದು ಮಾತು ಹ್ಞೂಂ ಅನ್ನು. ಅಷ್ಟೇ ಸಾಕು. ಯಾಕ ಹಿಂಗ ಮಾಡ್ತಿ?"

"ಯಾಕ ಅಂತೆ. ಮಾತೂ ಆ ಕಡೇದಾಯ್ತು ನಿಂದು."

ಆ ಕಡೆ ಎಂದರೆ ರಾಯದುರ್ಗ. ಅಲ್ಲಿಯ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿಯಲು ಹೋದವನು ಯರ್ರಪ್ಪ. ಅಣ್ಣ ಕುರಿ ಮೇಯಿಸಿಕೊಂಡು ಊರಲ್ಲೇ ಉಳಿದ. ಆ ವರ್ಷ ಹಬ್ಬದ ಆರ್ಡರು ಮುಗಿಯುವವರೆಗೆ ಮಾಲೀಕ ಯಾರನ್ನೂ ಹೊರಗೆ ಬಿಡಲಿಲ್ಲ, ಫೋನನ್ನೂ ಕೊಡಲಿಲ್ಲ. ಇಲ್ಲಿ ಅವ್ವ ತೀರಿಕೊಂಡಳು. ಚಿಕ್ಕಮಗ ಬರಲಿ ಎಂದು ಹೆಣ ಇಟ್ಟುಕೊಂಡು ಕಾದು ಕಾದು ಕೊನೆಗೆ ಮಣ್ಣು ಮಾಡಿದರು. ಅವನು ಬಂದದ್ದು ತಿಥಿಯ ದಿನ.

ದೊಡ್ಡತಿಮ್ಮಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದ. ಅವ್ವನ ಪಟದ ಮುಂದೆ ಹಚ್ಚಿಟ್ಟಿದ್ದ ದೀಪದ ಬತ್ತಿಯನ್ನು ಬೆರಳಿನಲ್ಲಿ ಹಿಸುಕಿ ಆರಿಸಿ, ನೆಂಟರೆಲ್ಲರ ಎದುರಿಗೆ ಆಣೆ ಮಾಡಿದ. "ನಿಂದು ನಂಗೆ ಬ್ಯಾಡ, ನಂದು ನಿಂಗೆ ಬ್ಯಾಡ. ಒಂದು ಗುಟುಕು ನೀರೂ ಬ್ಯಾಡ. ತಪ್ಪಿದ್ರೆ ನನ್ನ ಮಕ್ಕಳ ಕಣ್ಣು ಹಿಂಗೇ ಆರಲಿ."

ಆಣೆ ಮಾಡುವ ಹೊತ್ತಿನಲ್ಲಿ ಮನುಷ್ಯನ ಬುದ್ಧಿ ಎಲ್ಲಿಗೆ ಹೋಗಿರುತ್ತದೋ. ದೀಪ ಆರಿಸಿ ಮಾಡಿದ ಆಣೆಯನ್ನು ಈ ಕಡೆ ಹಿಂದಕ್ಕೆ ಪಡೆಯುವ ಪದ್ಧತಿ ಇಲ್ಲ.

ವರ್ಷಗಳು ಕಳೆದವು. ಆಮೇಲೆ ಬಂತು ಬ್ಲಡ್ ಕ್ಯಾನ್ಸರ್. ಔಷಧಿ ಹಿಡಿಯಲಿಲ್ಲ. ಹೊಂದುವವರ ಮೈಯಿಂದ ಸ್ಟೆಮ್ ಸೆಲ್ ತೆಗೆದು ಹಾಕಿದರೆ ಹೊಸ ರಕ್ತ ಹುಟ್ಟುತ್ತದೆ, ಉಳಿದ ದಾರಿ ಅದೊಂದೇ ಎಂದರು ಬೆಂಗಳೂರಿನ ಡಾಕ್ಟರು. ಒಡಹುಟ್ಟಿದವರು ಇದ್ದಾರಾ ಎಂದು ಕೇಳಿದಾಗ ಇಲ್ಲ ಎಂಬ ಉತ್ತರ ಬಂತು. ಹೊರಗೆಲ್ಲ ಹುಡುಕಿದರು, ಸಿಗಲಿಲ್ಲ. ಕೊನೆಗೆ ಜುಂಜಮ್ಮನೇ ಗಂಡನಿಗೆ ತಿಳಿಯದ ಹಾಗೆ ಅಣ್ಣತಮ್ಮಂದಿರ ರಕ್ತ ತಾಳೆ ನೋಡಿಸಿದಳು. ಪೂರ್ತಿ ಹೊಂದಿತು. ಹೊರಗೆ ಹುಡುಕಿದವರಲ್ಲಿ ಒಬ್ಬರದೂ ಹೊಂದದೆ, ಹೊಂದಿದ್ದು ಮುಖ ಮುಖ ನೋಡದ ಇವರಿಬ್ಬರದು.

"ಆಣಿ ಹಾಕಿದ್ದು ನೀರಿಗಣ್ಣ. ರಕ್ತಕ್ಕಲ್ಲ," ಯರ್ರಪ್ಪ ಅಂಗಲಾಚಿದ.

"ನೀರೇ ಬ್ಯಾಡ ಅಂದೋನು ರಕ್ತಕ್ಕೆ ಹ್ಞೂಂ ಅಂತೀನಾ?"

"ದಿನ ಭಾಳ ಇಲ್ಲಂತ. ಡಾಕ್ಟರ್ ಹೇಳ್ಯಾರ."

"ಗೊತ್ತು ನಂಗೆ."

ಎಷ್ಟು ತಣ್ಣಗೆ ಹೇಳಿದ! ಯರ್ರಪ್ಪ ಒಳಕ್ಕೆ ಕಣ್ಣು ಹಾಯಿಸಿದ. ಒಳಗಿನ ಬಾಗಿಲಲ್ಲಿ ಅಣ್ಣನ ಒಬ್ಬಳೇ ಮಗಳು ಶ್ರಾವಣಿ ನಿಂತಿದ್ದಳು. "ನೀನಾದ್ರೂ ಹೇಳವ್ವ," ಎಂದ.

"ನನ್ ಕಣ್ಣು ಹೋದ್ರೆ ಹೋಗ್ಲಿ. ಒಪ್ಕೊ ಅಪ್ಪ," ಎಂದಳು ಹುಡುಗಿ.

"ಬಾಯ್ಮುಚ್ಚು." ದೊಡ್ಡತಿಮ್ಮಪ್ಪನ ದನಿ ಒಡೆಯಿತು. "ಒಂದು ಜೀವ ಉಳ್ಸಕ್ಕೆ ಹೋಗಿ ಈ ಹುಡುಗಿ ಬಾಳು ಕತ್ತಲೆ ಮಾಡ್ಲಾ? ಬೇರೆ ಯಾರದಾದ್ರೂ ಸರಿ. ಇದೊಂದು ಆಗಾಕಿಲ್ಲ."

ಯರ್ರಪ್ಪ ಹೊಸ್ತಿಲಿಗೆ ಹಣೆ ಹಚ್ಚಿದ. ನಾಚಿಕೆ ಬಿಟ್ಟು ಅತ್ತ. ನೂಲಿನ ನೀಲಿ ಹತ್ತಿದ ಬೆರಳುಗಳು ಅಣ್ಣನ ಕಾಲು ಹುಡುಕಿಕೊಂಡು ಒಳಕ್ಕೆ ಹೋದವು. ದೊಡ್ಡತಿಮ್ಮಪ್ಪ ಕಾಲು ಮಡಿಚಿಕೊಂಡು ಹಿಂದಕ್ಕೆ ಸರಿದ. ಜುಂಜಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

"ಇನ್ನ ಹೊರಡು. ಬಸ್ ತಪ್ತೈತೆ," ಎಂದ ಅಣ್ಣ. ಟವೆಲ್ಲಿನ ಒಳಗಿಂದಲೇ ಮತ್ತೊಂದು ಮಾತು ಹೇಳಿದ. "ಈ ಸಲ ಮಣ್ಣಿಗೆ ಮಾತ್ರ ಯಾರೂ ತಪ್ಪಿಸ್ಕೋಬಾರ್ದು."

ಒಡಹುಟ್ಟಿದವನಿಗೆ ಆಡುವ ಮಾತೇ ಅದು? ಯರ್ರಪ್ಪ ತಂದಿದ್ದ ಮೋಸಂಬಿಯ ಚೀಲ ಹೊಸ್ತಿಲ ಹೊರಗೇ ಉಳಿಯಿತು. ಯಾರೂ ಮುಟ್ಟಲಿಲ್ಲ. ಹಿಂದೆಲ್ಲ ಕುರಿಗಳು ತುಂಬಿರುತ್ತಿದ್ದ ಅಂಗಳವನ್ನು ತೊಳೆದು ಖಾಲಿ ಬಿಟ್ಟಿದ್ದರು. ಅದನ್ನು ದಾಟಿ ಅವನು ರಸ್ತೆಗೆ ಬಂದ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಅಮರಾಪುರದ ಚಿತ್ತಮ್ಮ ಎಂಬ ಮುದುಕಿ. ಅವನ ಬೋಳುತಲೆ ನೋಡಿದಳು, ಹತ್ತಿಯ ಪಟ್ಟಿ ನೋಡಿದಳು, ನಿಲ್ಲದ ಕಣ್ಣೀರು ನೋಡಿದಳು. ತಡೆಯಲಾಗಲಿಲ್ಲ ಅವಳಿಗೆ.

"ಯಾವ ಕಾಯಿಲೆನಪ್ಪ ನಿಂಗೆ? ಈ ವಯಸ್ಸಿಗೆ ಹಿಂಗಾಗಿದೀಯ."

ಯರ್ರಪ್ಪ ಬೋಳುತಲೆಯನ್ನು ಒಮ್ಮೆ ಸವರಿಕೊಂಡ.

"ನನಗೇನಿಲ್ಲವ್ವ. ಇದು ಅಣ್ಣ ಉಳೀಲಿ ಅಂತ ಮನೆದೇವ್ರಿಗೆ ಮುಡಿ ಕೊಟ್ಟ ತಲಿ. ಕ್ಯಾನ್ಸರ್ ಆಗಿರೋದು ಅವಗ. ಕೈ ಪಟ್ಟಿ ರಕ್ತ ಪರೀಕ್ಷೇದು. ರಕ್ತ ಕೊಡಾಕ ನಾ ಹೋಗಿದ್ದೆ, ತಗೊಳ್ಳಾಕ ಅವ ಒಲ್ಲೆ ಅಂದ."