ಎರಡನೇ ಗೀಟು

ಕೈಯಲ್ಲಿದ್ದ ಮೊಟ್ಟೆ ಅರ್ಧ ಸುತ್ತು ತಿರುಗಿದ ಮೇಲೆಯೇ ಅವಳಿಗೆ ಅರಿವಾಯಿತು. ಇದು ಕೋಳಿಯದಲ್ಲ, ಆಮೆಯದು! ಆಮೆ ಕೇಂದ್ರದ ಡಾಕ್ಟರಮ್ಮ ಮೇಲ್ಬದಿ ಯಾವುದೆಂದು ಗೊತ್ತಾಗಲು ಅದರ ನೆತ್ತಿಯ ಮೇಲೆ ಎಳೆದಿದ್ದ ಪೆನ್ಸಿಲ್ ಗೀಟು ಈಗ ಅಡಿಗೆ ಹೋಗಿತ್ತು.

ಹದಿನಾಲ್ಕು ವರ್ಷ ಕೋಳಿ ಫಾರಂನಲ್ಲಿ ದಿನಕ್ಕೆ ಮೂರು ಸಲ ಮೊಟ್ಟೆ ತಿರುಗಿಸಿದ ಕೈ ಅದು; ತಿರುಗಿಸದಿದ್ದರೆ ಅಲ್ಲಿ ಮರಿ ಒಳಗೇ ಅಂಟಿಕೊಂಡು ಸಾಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಈ ಕೇಂದ್ರದಲ್ಲಿ ಎಲ್ಲ ಉಲ್ಟಾ. "ತಾಯಿ ಆಮೆ ಮರಳಲ್ಲಿ ಮೊಟ್ಟೆ ಇಟ್ಟು ಹೋದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ನೀವೂ ಮುಟ್ಬೇಡಿ, ತಿರುಗಿಸಿದ್ರೆ ಒಳಗಿನ ಜೀವ ಹೋಗುತ್ತೆ" ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು.

ಗೀಟು ಮೇಲೆ ಬರುವಂತೆ ಮೊಟ್ಟೆಯನ್ನು ಮೆಲ್ಲಗೆ ಮೊದಲಿನಂತೆ ಕೂರಿಸಿದಳು. ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ನಿಂತಲ್ಲಿ ನಿಲ್ಲಲಾರದೆ ಬಾಗಿಲವರೆಗೆ ಹೋದಳು, ವಾಪಸು ಬಂದಳು, ಮತ್ತೆ ಹೋದಳು. ಕೊನೆಗೆ ಜೇಬಿನಿಂದ ಪೆನ್ಸಿಲ್ ತೆಗೆದು ಆ ಗೀಟಿನ ಪಕ್ಕದಲ್ಲೇ ಇನ್ನೊಂದು ಎಳೆದಳು.

ಸಂಜೆ ಡಾಕ್ಟರಮ್ಮ ಬಗ್ಗಿ ನೋಡಿ, "ಇದಕ್ಕೇನು ಎರಡು ಗೀಟು?" ಎಂದರು.

"ಒಂದು ನಿಮ್ದು. ಇನ್ನೊಂದು ನನ್ನ ತಪ್ಪಿಂದು. ಕೈ ಮಾತು ಕೇಳ್ಲಿಲ್ಲ ಮೇಡಂ, ತಿರುಗಿಸ್ಬಿಟ್ಟೆ."

ಡಾಕ್ಟರಮ್ಮ ಪುಸ್ತಕದಲ್ಲಿ ಆ ದಿನದ ತಾರೀಖು ಬರೆದುಕೊಂಡರು. "ಬದುಕುತ್ತೋ ಇಲ್ವೋ, ಕಾದು ನೋಡೋಣ. ಅಲ್ಲೀವರೆಗೆ ಆ ಕೈ ಜೇಬಲ್ಲಿರ್ಲಿ."

ಅವಳು ಕೈಯನ್ನು ಜೇಬಿಗಿಳಿಸಿದಳು. ಅಲ್ಲಿ ಬೆರಳುಗಳು ಪೆನ್ಸಿಲನ್ನು ತಿರುಗಿಸತೊಡಗಿದವು.