ಕಡಲ ಮೇಲೆ ಮೂರು ಹಸಿರು ದೀಪ

ವಿಮಾನ ಏರಿದಾಗಿನಿಂದ ಕಿಟಕಿ ಪಕ್ಕದ ಪ್ರಯಾಣಿಕ ಬಾಯಿ ಮುಚ್ಚಿರಲಿಲ್ಲ. ಅವನ ಮಾತು, ಬೆರಳಿಗೆ ಮೆತ್ತಿದ ಚಿಪ್ಸಿನ ಎಣ್ಣೆ ಎರಡರಿಂದಲೂ ಮೀನುಗಾರರ ಮುಖಂಡ ತಿಂಗಳಾಯರಿಗೆ ಹೇಸಿಗೆ ಹುಟ್ಟಿತ್ತು. ಬೆಳಿಗ್ಗೆಯಷ್ಟೇ ಅವರು ಬೆಂಗಳೂರಿನಲ್ಲಿ ಮಂತ್ರಿಗಳೆದುರು ಮೇಜು ಗುದ್ದಿ ಬಂದಿದ್ದರು. "ಬೋಟಿನಲ್ಲಿ ದೊಡ್ಡ ದೊಡ್ಡ ಲೈಟ್ ಉರಿಸಿ ಮೀನು ಸೆಳೀತಾರೆ ಸ್ವಾಮಿ, ಮರಿಮೀನನ್ನೂ ಬಿಡುದಿಲ್ಲ. ಹೇಸಿಗೆ ತಿನ್ನುವ ಜನ! ಅಂಥವರನ್ನು ಜೈಲಿಗೆ ಹಾಕಿ."

ಇಳಿಯುವ ಮುನ್ನ ವಿಮಾನ ಕತ್ತಲು ಕವಿದ ಕಡಲ ಮೇಲೆ ಒಂದು ಸುತ್ತು ತಿರುಗಿದಾಗ ಪಕ್ಕದವನು ಕಿರುಚಿದ.

"ಸಾರ್, ಕೆಳಗೆ ನೋಡಿ! ಮೂರು ಹಸಿರು ಬೆಳಕು! ನೀರೇ ಹೊತ್ಕೊಂಡು ಉರಿಯೋ ಹಾಗಿದೆ. ಏನ್ ಸಾರ್ ಅದು?"

ತಿಂಗಳಾಯರು ಬಗ್ಗಿ ನೋಡಿದರು. ಅವರ ಮುಖ ಕೊಳೆತ ಮೀನು ಮೂಸಿದವರಂತೆ ಕಿವುಚಿಕೊಂಡಿತು.

"ಥೂ!"

"ನಿಮ್ಗೆ ಗೊತ್ತಾ ಸಾರ್? ದೋಣಿಗಳಾ?"

"ಎಂಥ ದೋಣಿ ಮಾರಾಯ್ರೆ? ನಾನು ಹುಟ್ಟಿದ್ದೇ ಕಡಲ ಬದಿಯಲ್ಲಿ. ಇಂಥದ್ದು ಒಂದು ದಿನವೂ ಕಂಡದ್ದಿಲ್ಲ. ಬೇರೆ ಲೋಕದವರೇ ಇರ್ಬೇಕು."

"ಹೌದಾ ಸಾರ್!" ಅವನು ಪುಳಕಗೊಂಡು ಮೊಬೈಲನ್ನು ಗಾಜಿಗೆ ಒತ್ತಿ ಹಿಡಿದ. ಇವನಿಗೆ ಎಷ್ಟು ದೊಡ್ಡ ಬಾಯಿಯೋ ಅಷ್ಟೇ ದೊಡ್ಡ ಕಿವಿ ಎಂದು ತಿಂಗಳಾಯರು ಅಸಹ್ಯದಿಂದ ಮುಖ ತಿರುಗಿಸಿದರು.

ಚಕ್ರ ನೆಲ ಮುಟ್ಟಿದ್ದೇ ತಡ, ಅಳಿಯನಿಗೆ ಫೋನ್ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು, ಹಲ್ಲು ಕಚ್ಚಿಕೊಂಡು ಹೇಳಿದರು:

"ನಾನು ವಿಮಾನದಲ್ಲಿ ಬರುವ ದಿನ ಆದ್ರೂ ನಮ್ಮ ಮೂರು ಬೋಟಿನ ಲೈಟ್ ಆಫ್ ಮಾಡ್ಲಿಕ್ಕೆ ನಿನಗೆಂಥ ರೋಗ?"