ಮುಡಿಯದ ಪನ್ನೀರ್ ಗುಲಾಬಿ

ಈ ಕಥೆಯಲ್ಲಿ ಫೈಟ್ ಇಲ್ಲ, ಹಾಡಿಲ್ಲ, ವಿಲನ್ ಕೂಡ ಡೌಟು...
ಇರುವುದು ಒಂದು ಗುಲಾಬಿ ಗಿಡ, ಒಬ್ಬ ಸೊಸೆ, ಒಬ್ಬ ಅತ್ತೆ. ಆದರೂ ಕರ್ಚೀಫ್ ಹತ್ತಿರ ಇಟ್ಟುಕೊಂಡು ಓದಿ.

ಮೈಸೂರಿನ ಒಂದು ಗಲ್ಲಿ. ಚಳಿ ಶಿವ ಶಿವಾ ಎಂದು ಓಡಿಹೋಗಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ.

ಇಂದ್ರಾಣಿಯ ಮನೆ ಮುಂದಿನ ಪನ್ನೀರ್ ಗುಲಾಬಿ ಗಿಡಕ್ಕೆ ಮಾತ್ರ ಆಗಲೇ ಹಬ್ಬ... ಎಲೆಗಿಂತ ಮೊಗ್ಗೇ ಹೆಚ್ಚು. ಪರಿಮಳ ಟಿಕೆಟ್ ಇಲ್ಲದೆ ಗಲ್ಲಿಯೆಲ್ಲ ಸುತ್ತುತ್ತಿತ್ತು.

ಆ ಗಿಡ ತಂದವನು ಅವಳ ಗಂಡ ಮಹದೇವಸ್ವಾಮಿ.

ಮದುವೆಯಾದಾಗಿನಿಂದ ಪ್ರತಿ ಶುಕ್ರವಾರ ಸಂಜೆ ಅಂಗಿ ಜೇಬಿನಲ್ಲಿ ಒಂದು ಗುಲಾಬಿ ತರುತ್ತಿದ್ದ. ತಾನೇ ಮುಡಿಸುತ್ತಿದ್ದ... ಯಾವತ್ತೂ ಸೊಟ್ಟಗೆ.

"ವಾರ ವಾರ ಯಾಕ್ರೀ ದುಡ್ಡು ದಂಡ? ಒಂದ್ ಗಿಡಾನೇ ತಂದ್ಬಿಡಿ" ಎಂದಳು ಒಮ್ಮೆ.

ತಂದ. ನೆಟ್ಟ. "ಮೊದಲ್ನೇ ಹೂವು ನಾನೇ ಮುಡ್ಸೋದು. ಅಲ್ಲೀವರೆಗೂ ನೀನು ಮುಟ್ಟಂಗಿಲ್ಲ" ಎಂದು ಹೀರೋ ಥರ ಡೈಲಾಗ್ ಹೊಡೆದ.

ಗಿಡ ಮೊಗ್ಗು ಬಿಡುವ ಮೊದಲೇ ಅವನಿಗೆ ಹಾರ್ಟ್ ಅಟ್ಯಾಕ್... ಹೋಗಿಬಿಟ್ಟ.

ಅಂದಿನಿಂದ ಆ ಗಿಡಕ್ಕೆ ಕಾಫಿ ಚರಟ, ಈರುಳ್ಳಿ ಸಿಪ್ಪೆ, ಮಗುವಿಗೆ ಮಾಡುವಷ್ಟು ಆರೈಕೆ. ಬಿಟ್ಟ ಹೂವಲ್ಲಿ ಒಂದು ಅವನ ಫೋಟೋಗೆ, ಉಳಿದದ್ದು ಗಲ್ಲಿಯ ಹೆಂಗಸರಿಗೆ.

ಅವಳ ತಲೆಗೆ ಒಂದೂ ಇಲ್ಲ... ಗಂಡ ಸತ್ತವಳು ಹೂ ಮುಡಿಯಬಾರದಂತೆ. ಈ ಸ್ಕ್ರಿಪ್ಟ್ ಬರೆದವರು ಯಾರೋ ಗೊತ್ತಿಲ್ಲ, ಎಲ್ಲರಿಗೂ ಬಾಯಿಪಾಠ ಮಾತ್ರ ಆಗಿದೆ.

"ಮುಡಿಯಂಗಿಲ್ದೋರಿಗೆ ಹೂವಿನ ಗಿಡದ ಶೋಕಿ ಬೇರೆ" ಎಂದು ಮೂಲೆಮನೆ ರತ್ನಮ್ಮ ಚುಚ್ಚಿದ್ದಳು. ಅದೇ ಗಿಡದ ಹೂವು ಮುಡಿದುಕೊಂಡೇ ಚುಚ್ಚಿದ್ದಳು!

ರತ್ನಮ್ಮನನ್ನಾದರೂ ಸಹಿಸಬಹುದಿತ್ತು. ಇಂದ್ರಾಣಿಗೆ ಭಯ ಇದ್ದದ್ದು ಅತ್ತೆಯದು.

ಪುಟ್ಟನಂಜಮ್ಮ. ಅವರೂ ಗಂಡನನ್ನು ಕಳೆದುಕೊಂಡವರೇ. ಮಾತು ಕಡಿಮೆ, ಕಣ್ಣು ಚುರುಕು. ಬೆಳಗ್ಗೆ ಜಗಲಿಯಲ್ಲಿ ಕೂತರೆ ಮೊದಲು ಗಿಡ ನೋಡುವರು, ಆಮೇಲೆ ಸೊಸೆಯ ತುರುಬು ನೋಡುವರು. ಮತ್ತೆ ಗಿಡ... ಮತ್ತೆ ತುರುಬು. ಕರೆಂಟ್ ಇಲ್ಲದೆ ನಡೆಯುವ ಸಿಸಿ ಕ್ಯಾಮೆರಾ.

'ನಾನೆಲ್ಲಿ ಕದ್ದು ಮುಡಿದುಬಿಡ್ತೀನೋ ಅಂತ ಕಾವಲು' ಎಂದುಕೊಂಡಿದ್ದಳು ಇಂದ್ರಾಣಿ.

ಒಂದು ಶುಕ್ರವಾರ ಬೆಳಗ್ಗೆ... ಆಗಷ್ಟೇ ಅರಳಿದ್ದ ಹೂವೊಂದು ಕೈಗೆ ಬಂತು. ಅತ್ತೆ ಇನ್ನೂ ಎದ್ದಿಲ್ಲ ಎಂದುಕೊಂಡು ಬಚ್ಚಲುಮನೆ ಕನ್ನಡಿ ಮುಂದೆ ನಿಂತು ತುರುಬಿಗೆ ಸಿಕ್ಕಿಸಿಕೊಂಡಳು.

ಕಣ್ಣು ಮುಚ್ಚಿದಳು. ಶುಕ್ರವಾರದ ಸಂಜೆ, ಅಂಗಿ ಜೇಬು, ಆ ಬೆರಳು... ಎಲ್ಲ ಹಿಂದೆಯೇ ಬಂದು ನಿಂತ ಹಾಗಾಯಿತು.

ಟಕ್... ಟಕ್... ಊರುಗೋಲಿನ ಸದ್ದು.

ಗಾಬರಿಯಿಂದ ಹೂವು ಕಿತ್ತು ಸೆರಗಿನಲ್ಲಿ ಮುಚ್ಚಿದಳು. ಬಾಗಿಲಲ್ಲಿ ಅತ್ತೆ. ಅವಳ ಕೂದಲಿಗೆ ಅಂಟಿದ್ದ ಒಂದು ಎಸಳನ್ನು ನೋಡಿದರು... ಏನೂ ಹೇಳದೆ ತಿರುಗಿ ಹೋದರು.

ಬೈದಿದ್ದರೆ ವಾಸಿ ಇತ್ತು. ಆ ದಿನವೆಲ್ಲ ಇಂದ್ರಾಣಿ ಅತ್ತೆಯ ಎದುರಿಗೆ ಬರದೆ ಅಡುಗೆಮನೆಯಲ್ಲೇ ಕಳೆದಳು.

ಸಂಜೆ ರತ್ನಮ್ಮನ ಮೊಮ್ಮಗುವಿಗೆ ನಾಮಕರಣ. ಹೊರಡುವ ಹೊತ್ತಿಗೆ ಅತ್ತೆ ಕೂಗಿದರು.

"ಬಾಚಣಿಗೆ ತಗಂಬಾ. ಹಂಗೇ ಎರಡು ಗುಲಾಬಿ ಕಿತ್ಕೊಂಬಾ."

"ಮಗೂಗಾ ಅತ್ತೆ?"

"ಒಂದು ನನ್ ತಲೆಗೆ ಇಡು."

ಇಂದ್ರಾಣಿ ಬೀದಿಬಾಗಿಲ ಕಡೆ ನೋಡಿದಳು. "ಅತ್ತೆ... ನೋಡಿದೋರು ಬೈತಾರೆ."

"ಅದ್ಕೇ ಮೊದ್ಲು ನನ್ಗೆ. ಬೈಯೋರು ದೊಡ್ಡೋರಿಂದ ಶುರು ಮಾಡ್ಲಿ."

ಇಂದ್ರಾಣಿ ಮುಡಿಸಿದಳು. ಆ ಬೆಳ್ಳಿ ಕೂದಲಿನ ಗಂಟು ಎಷ್ಟು ಚಿಕ್ಕದೆಂದರೆ ಹೂವು ನಿಲ್ಲದೆ ಜಾರುತ್ತಿತ್ತು. ಪಿನ್ ಮೇಲೆ ಪಿನ್ ಚುಚ್ಚಿ ನಿಲ್ಲಿಸಬೇಕಾಯಿತು.

"ನಿಮ್ಮಾವ ಮಲ್ಲಿಗೆ ಬಳ್ಳಿ ಹಾಕಿದ್ರು" ಎಂದರು ಅತ್ತೆ. "ಅವ್ರು ಹೋದ್ಮೇಲೆ ಆ ವಾಸನೆ ತಡೀಲಾರ್ದೆ ಬುಡ ಸಮೇತ ಕಿತ್ತಾಕ್ಬುಟ್ಟೆ. ಬಳ್ಳಿ ಹೋಯ್ತು... ವಾಸನೆ ಹೋಗ್ಲಿಲ್ಲ ಕಣವ್ವ, ಇವತ್ತಿಗೂ."

ಇಂದ್ರಾಣಿ ಕೊನೆಯ ಪಿನ್ ಸಿಕ್ಕಿಸಿದಳು.

"ದಿನಾ ನಿನ್ ತುರುಬು ನೋಡ್ತಿದ್ದೆ. ಇವತ್ತಾದ್ರೂ ಮುಡೀತಾಳಾ... ಇವತ್ತಾದ್ರೂ ಮುಡೀತಾಳಾ ಅಂತ."

"ಒಂದ್ ಮಾತು ಹೇಳ್ಬೋದಿತ್ತಲ್ಲ ಅತ್ತೆ..."

"ನೀನೊಂದ್ ಮಾತು ಕೇಳ್ಬೋದಿತ್ತಲ್ಲ? ಬಾ ಇಲ್ಲಿ, ತಿರುಗು."

ಎರಡನೆಯ ಗುಲಾಬಿಯನ್ನು ಸೊಸೆಯ ತುರುಬಿಗೆ ಇಟ್ಟರು.

ಸೊಟ್ಟಗೆ... ಥೇಟ್ ಮಗನ ಹಾಗೆ.

ಇಂದ್ರಾಣಿ ಅದನ್ನು ಸರಿ ಮಾಡಿಕೊಳ್ಳಲಿಲ್ಲ. ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು, ಅಷ್ಟೇ.

ನಾಮಕರಣದ ಮನೆಗೆ ಇಬ್ಬರೂ ಕೈ ಹಿಡಿದು ಎಂಟ್ರಿ ಕೊಟ್ಟರು. ಎಲ್ಲರ ಕಣ್ಣೂ ಆ ಎರಡು ತುರುಬುಗಳ ಮೇಲೆ. ರತ್ನಮ್ಮ ಬಾಯಿ ತೆರೆದಳು...

ಅಷ್ಟರಲ್ಲಿ ಒಳಕೋಣೆಯ ಬಾಗಿಲಿಂದ ಸಣ್ಣ ದನಿಯೊಂದು ಬಂತು. ರತ್ನಮ್ಮನ ತಾಯಿ. ವಿಧವೆ ಎಂದು ಶುಭಕಾರ್ಯದ ದಿನ ಒಳಗೇ ಕೂರುತ್ತಿದ್ದ ಮುದುಕಿ.

"ನಂಜಿ... ಆ ಗಿಡ್ದಲ್ಲಿ ಇನ್ನೊಂದು ಹೂವು ಉಳ್ದಿದ್ದದಾ?"

ರತ್ನಮ್ಮ ತೆರೆದ ಬಾಯಿ ಹಾಗೇ ಮುಚ್ಚಿದಳು. ತಾಯಿಯ ಬೋಳು ತುರುಬನ್ನು ಅವಳು ಇಷ್ಟು ವರ್ಷ ನೋಡಿಯೇ ಇರಲಿಲ್ಲವೇನೋ...

ತನ್ನ ತಲೆಯಲ್ಲಿದ್ದ ಗುಲಾಬಿಯನ್ನು ಮೆಲ್ಲಗೆ ತೆಗೆದಳು. ಒಳಕೋಣೆಗೆ ಹೋಗಿ ಅಮ್ಮನ ತಲೆಗೆ ಮುಡಿಸಿದಳು. ಕೈ ಹಿಡಿದು, ತೊಟ್ಟಿಲ ಪಕ್ಕಕ್ಕೆ ಕರೆತಂದು ಕೂರಿಸಿದಳು.

ಎಷ್ಟೋ ಆಸೆಗಳು ಸಾಯುವುದು 'ಬೇಡ' ಅನ್ನುವವರಿಂದಲ್ಲ... 'ಮುಡಿ' ಅನ್ನುವವರು ಸಿಗದೆ.

ನಿಮ್ಮ ಮನೆಯಲ್ಲೂ ಎಲ್ಲರಿಗೂ ಹೂವು ಹಂಚಿ ಬರಿದಾಗಿ ಉಳಿದ ಒಂದು ತುರುಬು ಇದೆಯಾ... ಕೊನೆಯ ಸಲ ಅದನ್ನು ನೀವು ನೋಡಿದ್ದು ಯಾವಾಗ?